ಎಕ್ಸ್‌ಬಾ-1ಕ್ಕೆ ಬಗ್ಗದ ಪ್ಲಾಸ್ಮಿಡ್

ಪ್ರಶ್ನೆ: ಡಿಎಚ್5-ಆಲ್ಫಾ ಎಂಬ ಇ. ಕೊಲೈ ಬ್ಯಾಕ್ಟೀರಿಯಾ ತಳಿಯಲ್ಲಿ ಬೆಳೆಸಿದ ಪ್ಲಾಸ್ಮಿಡ್ಡನ್ನು (ಉಂಗುರದಂಥ ಸಣ್ಣ ಡಿಎನ್‌ಎ) ಎಕ್ಸ್‌ಬಾ-1 ಎಂಬ ಡಿಎನ್‌ಎ ಕತ್ತರಿ ಕಿಣ್ವ ಕತ್ತರಿಸುತ್ತಿಲ್ಲ. ಬೇರೆ ಪ್ಲಾಸ್ಮಿಡ್ಡನ್ನು ಕತ್ತರಿಸುತ್ತದೆ. ಏಕೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಯಲಹಂಕ, ಬೆಂಗಳೂರು

ಉತ್ತರ: ಪಾಪ, ಕಿಣ್ವದ ತಪ್ಪಿಲ್ಲ. ಅದು ಕತ್ತರಿಸುವ, ಟಿಸಿಟಿಎಜಿಎ ಎಂಬ ಡಿಎನ್‌ಎ ಅಕ್ಷರಗಳ ತಾಣದ ಅಕ್ಕಪಕ್ಕ ನೋಡಿ. ಹಿಂದೆ ಜಿಎ ಅಥವಾ ಮುಂದೆ ಟಿಸಿ ಇದ್ದರೆ ಅಲ್ಲಿ ಜಿಎಟಿಸಿ ಮೂಡುತ್ತದೆ. ಇ. ಕೊಲೈಯ ಡ್ಯಾಮ್ ಮೀಥೈಲೇಸ್ ಎಂಬ ಕಿಣ್ವ ಅದರ ಅಡೆನಿನ್‌ಗೆ (ಎ ಅಕ್ಷರ) ಮೀಥೈಲ್ ಗುಂಪು ಸೇರಿಸುತ್ತದೆ, ಎಕ್ಸ್‌ಬಾ-1 ಅಲ್ಲೇ ಸೋಲುತ್ತದೆ. (ಡ್ಯಾಮ್‌ನ ಈ ಗುರುತು ಮುಖ್ಯವಾಗಿ ನಕಲಿನ ತಪ್ಪು ತಿದ್ದುವ ದುರಸ್ತಿ ಕಿಣ್ವಗಳಿಗೆ ಡಿಎನ್‌ಎಯ ಹಳೆಯ ಎಳೆಯನ್ನು ತೋರಿಸಲು.)

ಖಚಿತಪಡಿಸಿಕೊಳ್ಳಲು ಡಿಪಿಎನ್-1 ಕಿಣ್ವ ಬಳಸಿ: ಅದು ಮೀಥೈಲ್ ಇರುವ ಜಿಎಟಿಸಿಯನ್ನೇ ಕತ್ತರಿಸುತ್ತದೆ, ಎಂಬಿಒ-1 ಕಿಣ್ವ ಮೀಥೈಲ್ ಇಲ್ಲದ್ದನ್ನು. ಬಳಿಕ ಪ್ಲಾಸ್ಮಿಡ್ಡನ್ನು ಡ್ಯಾಮ್ ಇಲ್ಲದ ಜೆಎಂ110 ತಳಿಗೆ ಸೇರಿಸಿ, ಹೊಸದಾಗಿ ಶುದ್ಧೀಕರಿಸಿ. ಡ್ಯಾಮ್‌ನ ಗುರುತಿಲ್ಲದ ಕಾರಣ ಈ ತಳಿಯಲ್ಲಿ ಡಿಎನ್‌ಎ ಬದಲಾವಣೆ (ಮ್ಯುಟೇಶನ್) ಹೆಚ್ಚು. ದೀರ್ಘಕಾಲ ಅಲ್ಲೇ ಇಡಬೇಡಿ.