ವಿಂಡೋಸ್ 10 ಚೆನ್ನಾಗೇ ಓಡ್ತಿದೆ, 11ಕ್ಕೆ ಹೋಗಲೇಬೇಕಾ?

ಜಯನಗರದಲ್ಲಿ ಅಕೌಂಟ್ಸ್ ಕೆಲಸ, ಟ್ಯಾಲಿ, ನುಡಿ ಎರಡೂ ಸರಿಯಾಗಿವೆ, ಸುಮ್ನೆ ಯಾಕೆ ಬದಲಾಯಿಸಬೇಕು ಅಂತ ಕೇಳಿದ್ದೀರಿ.

ನನ್ನ ಪ್ರಕಾರ ಹೋಗಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರದಿದ್ದರೆ, ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳು ಹಾಗೇ ಉಳಿಯುತ್ತವೆ. ಗಿರಾಕಿಗಳ ಜಿಎಸ್‌ಟಿ ಪಾಸ್‌ವರ್ಡ್, ನೆಟ್ ಬ್ಯಾಂಕಿಂಗ್ ಎಲ್ಲ ಅದೇ ಲ್ಯಾಪ್‌ಟಾಪ್‌ನಲ್ಲಿ ಅಲ್ವಾ? ನನಗೆ ಚಿಂತೆ ಅದೇ.

ಮೊದಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿ ನೋಡಿ. ಟಿಪಿಎಂ 2.0 (ಲ್ಯಾಪ್‌ಟಾಪ್‌ನೊಳಗಿನ ಭದ್ರತಾ ವ್ಯವಸ್ಥೆ) ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಇರಬೇಕು. ಕನಿಷ್ಠ ರ್‍ಯಾಮ್ 4 ಜಿಬಿ ಅನ್ನುತ್ತಾರೆ, ಆದರೆ ಟ್ಯಾಲಿ ಜೊತೆ ಬ್ರೌಸರ್ ತೆರೆದರೆ ಅದು ಸಾಲದು. 8 ಜಿಬಿ ಇರಲಿ. ರ್‍ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ಎರಡನ್ನೂ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್‌ನಲ್ಲಿ ಹಾಕಿಸಬಹುದು, ನಿಮ್ಮ ಮಾಡೆಲ್‌ಗೆ ಹೊಂದುತ್ತದಾ ಅಂತ ಕೇಳಿಕೊಳ್ಳಿ. ಪ್ರೊಸೆಸರ್ ಹಳೆಯದಾದರೆ ಮಾತ್ರ ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಕೂಡಿಡುವುದೇ ವಾಸಿ. ಅಡ್ಡದಾರಿಯಲ್ಲಿ 11 ಹಾಕಿಕೊಡ್ತೀವಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ರಿಟರ್ನ್ ಸಲ್ಲಿಸುವ ವಾರ ಬಿಟ್ಟು ಮಾಡಿ. ಟ್ಯಾಲಿ ಡೇಟಾವನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ತೆಗೆದಿಡಿ. ಅಪ್‌ಗ್ರೇಡ್ ಆದಮೇಲೆ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಕೂಡಲೇ ಪರೀಕ್ಷಿಸಿ. ಹೊಂದದಿದ್ದರೆ ಸೆಟ್ಟಿಂಗ್ಸ್‌ನಿಂದ ವಿಂಡೋಸ್ 10ಕ್ಕೆ ವಾಪಸ್ ಬರಲು 10 ದಿನ ಅವಕಾಶವಿದೆ.