ಪದಪ್ರಶ್ನೆ: ಕೇಡು, ಕೆಡುಕು, ದುಷ್ಟ – ಯಾವುದು ಎಲ್ಲಿಗೆ?

ಪ್ರಶ್ನೆ: ಇಂಗ್ಲಿಷಿನ ‘ಈವಿಲ್’ ಪದಕ್ಕೆ ನಿಘಂಟಿನಲ್ಲಿ ಕೇಡು, ಕೆಡುಕು, ಕೆಟ್ಟ, ದುಷ್ಟ, ಪಾಪ, ಅನಿಷ್ಟ ಎಂದು ಸಾಲುಗಟ್ಟಿ ಕೊಟ್ಟಿದ್ದಾರೆ. ಅನುವಾದ ಮಾಡುವಾಗ ಯಾವುದನ್ನು ಆರಿಸಿಕೊಳ್ಳಬೇಕು?
– ಶಿವಮೊಗ್ಗದ ಓದುಗರು

ಉತ್ತರ: ಮಾತು ಯಾರ ಬಗ್ಗೆ, ಯಾವುದರ ಬಗ್ಗೆ ಎಂದು ಮೊದಲು ನೋಡಿ. ‘ದುಷ್ಟ’ ಅನ್ನಲು ಅಲ್ಲೊಂದು ಮನಸ್ಸು ಇರಬೇಕು. ದುಷ್ಟ ಮಂತ್ರಿ, ದುಷ್ಟ ಆಲೋಚನೆ, ದುಷ್ಟಕೂಟ ಸರಿ. ‘ದುಷ್ಟ ಬರಗಾಲ’ ಕಿವಿಗೆ ಒಗ್ಗದು. (ಆಯುರ್ವೇದದ ‘ದುಷ್ಟವ್ರಣ’ದ ಮಾತು ಬೇರೆ. ಅದು ಕೆಟ್ಟು ಮಾಯದೆ ಉಳಿದ ಹುಣ್ಣು.)

‘ಕೆಡು’ವಿಗೆ ಮನಸ್ಸಿನ ಹಂಗಿಲ್ಲ. ಹಾಲು, ಗಡಿಯಾರ, ಹೊಟ್ಟೆ, ನಿದ್ದೆ, ಹೆಸರು, ಎಲ್ಲವೂ ಕೆಡುತ್ತವೆ. ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯಲ್ಲಿ ಕೆಟ್ಟವನು ಬಾಳು ಹಾಳಾದವನೇ ಹೊರತು ದುರುಳನಲ್ಲ. ಕಂಪನಿ ನಾಟಕದ ‘ಅಯ್ಯೋ, ಕೆಟ್ಟೆ!’ ಎಂಬ ಕೂಗೂ ಅಷ್ಟೆ. ‘ಕೆಟ್ಟ ಬಿಸಿಲು’ ಅಂದಾಗಲಂತೂ ಬರೀ ಅತಿಯಾಯಿತು ಎಂಬ ಭಾವ. ಆದ್ದರಿಂದ ಕಾದಂಬರಿಯ ಖಳನನ್ನು ‘ಕೆಟ್ಟ ಮನುಷ್ಯ’ ಎಂದರೆ ಸಪ್ಪೆಯಾಗುತ್ತದೆ. ದುಷ್ಟ, ದುರುಳ, ಕೆಡುಕ ಎನ್ನಿ.

ಬಿಡು–ಬೀಡು, ಪಡು–ಪಾಡು ಆದಂತೆ ಕೆಡು–ಕೇಡು. ಒದಗುವ ಹಾನಿಯೇ ಕೇಡು: ಕೇಡು ಬಗೆಯುತ್ತಾರೆ, ಕೇಡು ತಟ್ಟುತ್ತದೆ. ಸಮಾಸದಲ್ಲಿ ಕಕಾರ ಗಕಾರವಾಗಿ ನಾಚಿಕೆಗೇಡು, ಮನೆಗೇಡಿ ಎಂದಾಗುತ್ತದೆ. ‘ಕೆಡುಕು’ ಒಳಿತಿನ ಎದುರು ಪದ. ತತ್ತ್ವಶಾಸ್ತ್ರಕ್ಕೆ ಇದೇ ಸರಿ. ‘ದೇವರು ಕರುಣಾಳುವಾದರೆ ಲೋಕದಲ್ಲಿ ಕೆಡುಕೇಕೆ?’ ಎಂಬ ಹಳೆಯ ಪ್ರಶ್ನೆಯಲ್ಲಿ ‘ಪಾಪ’ ಎಂದು ಹಾಕಿದಿರೋ, ಭೂಕಂಪ, ಕೂಸಿನ ಕಾಯಿಲೆ ಎಲ್ಲ ಚರ್ಚೆಯಿಂದ ಹೊರಗುಳಿದು ಪ್ರಶ್ನೆಯ ಅರ್ಧ ಬಲವೇ ಹೋಗುತ್ತದೆ. ಕ್ರೈಸ್ತರ ಪ್ರಾರ್ಥನೆಯೊಂದರ ಕೊನೆಗೆ ಬರುವ ಗ್ರೀಕ್ ಪದವನ್ನು ‘ಕೇಡಿನಿಂದ’ ಎಂದೂ ‘ಕೆಡುಕನಿಂದ’ ಎಂದೂ ಓದಬಹುದು. ಕನ್ನಡದ ಬಾಯಿಪಾಠದಲ್ಲಿ ನಿಂತಿರುವುದು ‘ಕೇಡಿನಿಂದ’.

ಕೆಲವು ನುಡಿಗಟ್ಟುಗಳಿಗೆ ರೂಢಿಯ ಮಾತೇ ಇದೆ. ವರದಕ್ಷಿಣೆಯಂಥದ್ದು ‘ಸಾಮಾಜಿಕ ಪಿಡುಗು’, ಅಸ್ಪೃಶ್ಯತೆ ‘ಅನಿಷ್ಟ ಪದ್ಧತಿ’. ಪತ್ರಿಕೆಗಳು ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕರ್ನಾಟಕದ ಕಾಯ್ದೆಯ ಹೆಸರಿನಲ್ಲಿ ‘ಅಮಾನವೀಯ ದುಷ್ಟ ಪದ್ಧತಿಗಳು’ ಎಂದಿದೆ. ‘ಅನಿಷ್ಟ’ ಎಂದಿದ್ದರೆ ಇನ್ನೂ ಒಪ್ಪುತ್ತಿತ್ತು. ‘ಈವಿಲ್ ಐ’ ಬಂದರೆ ವಿಶೇಷಣವನ್ನೇ ಬಿಡಿ: ‘ಮಗುವಿಗೆ ದೃಷ್ಟಿಯಾಗಿದೆ’ ಎಂದರೆ ಸಾಕು, ‘ದುಷ್ಟ ಕಣ್ಣು’ ಬೇಡವೇ ಬೇಡ. ಸಂಭಾಷಣೆಯಲ್ಲಿ ‘ಪಾಪ’ದ ಬಗ್ಗೆಯೂ ಎಚ್ಚರ. ‘ಪಾಪ, ಅವನು’ ಎಂದರೆ ಕನಿಕರ. ಕರಾವಳಿಯ ‘ಪಾಪದವ’ ತೀರಾ ಸಾಧು.

ಪ್ರಶ್ನೆ: ಹಳಗನ್ನಡದಲ್ಲಿ ಕೆಟ್ಟದ್ದಕ್ಕೆ ಬೇರೆ ಪದವಿತ್ತೇ?
– ಬಾಗಲಕೋಟೆಯ ವಿದ್ಯಾರ್ಥಿನಿ

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಇದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ (ಸುಮಾರು ಕ್ರಿ.ಶ. 700) ‘ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮದರಂತೆ’ ಎಂಬ ಸಾಲಿದೆ. ಒಳ್ಳಿತ್ತಿಗೆ ಎದುರಾಗಿ ನಿಂತಿರುವ ‘ಪೊಲ್ಲದು’ ಅಂದರೆ ಕೆಟ್ಟದ್ದು. ಪಕಾರ ಹಕಾರವಾಗಿ ನಡುಗನ್ನಡದಲ್ಲಿ ‘ಹೊಲ್ಲ’ ಆಯಿತು.

ಪ್ರಶ್ನೆ: ‘ದುಷ್ಚಟ’ವೋ ‘ದುಶ್ಚಟ’ವೋ? ಮಕ್ಕಳು ಎರಡನ್ನೂ ಬರೆಯುತ್ತಾರೆ.
– ಗದಗದ ಶಿಕ್ಷಕರು

ಉತ್ತರ: ದುಶ್ಚಟ. ಪದದ ಮೊದಲಿಗೆ ಅಂಟುವ ‘ದುಸ್’ ಎಂಬ ಉಪಸರ್ಗದ ಮುಂದೆ ಬರುವ ಅಕ್ಷರವೇ ಇದನ್ನು ತೀರ್ಮಾನಿಸುತ್ತದೆ. ಚ, ಛ ಬಂದರೆ ‘ಶ್’: ದುಶ್ಚಟ. ಕ, ಪ ಬಂದರೆ ‘ಷ್’: ದುಷ್ಕರ್ಮಿ, ದುಷ್ಪರಿಣಾಮ. ತ ಬಂದರೆ ‘ಸ್’: ದುಸ್ತರ. ಸ್ವರ ಬಂದರೂ ಗ, ಬ, ಮೊದಲಾದವು ಬಂದರೂ ‘ರ್’: ದುರಾಸೆ, ದುರ್ಗುಣ, ದುರ್ಬಲ. ತಪ್ಪು ಹುಟ್ಟುವುದು ‘ದುಷ್ಟ’ ಪದದಿಂದ; ಅದರ ‘ಷ್’ ಎಲ್ಲ ಕಡೆಯೂ ಬರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಆದರೆ ‘ದುಷ್ಟ’ದಲ್ಲಿರುವುದು ಉಪಸರ್ಗವಲ್ಲ, ‘ದುಷ್’ ಎಂಬ ಧಾತು, ‘ದೋಷ’ವೂ ಅದರದ್ದೇ.

ಇನ್ನೊಂದು: ‘ದುರ್’ ಇದ್ದಲ್ಲೆಲ್ಲ ಕೆಟ್ಟದ್ದೇ ಇರುವುದಿಲ್ಲ. ದುರ್ಲಭ ಎಂದರೆ ಸಿಗುವುದು ಕಷ್ಟ, ದುರ್ಭಿಕ್ಷ ಎಂದರೆ ಭಿಕ್ಷೆಯೂ ಹುಟ್ಟದ ಬರಗಾಲ. ದುರ್ಗ ಎಂದರೆ ಹತ್ತಿ ಹೋಗಲು ಕಷ್ಟವಾದ ಜಾಗ. ಚಿತ್ರದುರ್ಗದ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಕಾಗದು.

ಪ್ರಶ್ನೆ: ನಮ್ಮೂರಿನ ಭೂತವನ್ನು ಇಂಗ್ಲಿಷಿನಲ್ಲಿ ‘ಈವಿಲ್ ಸ್ಪಿರಿಟ್’ ಎನ್ನಬಹುದೇ?
– ಉಡುಪಿಯ ಓದುಗರು

ಉತ್ತರ: ಬೇಡ. ಇದು ವಸಾಹತು ಕಾಲದ ಅಭ್ಯಾಸ, ಇಂಗ್ಲಿಷ್ ವಿದ್ವಾಂಸ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು (ಭೂತಗಳ ಕಥೆ ಹೇಳುವ ತುಳು ಹಾಡುಗಳು) 1890ರ ದಶಕದಲ್ಲಿ ಅಚ್ಚಾದದ್ದೇ ‘ತುಳುವರ ಡೆವಿಲ್ ವರ್ಶಿಪ್’ ಎಂಬ ಅರ್ಥದ ತಲೆಬರಹದಲ್ಲಿ. ತುಳುನಾಡಿನ ಭೂತ ಊರು ಕಾಯುವ, ನ್ಯಾಯ ಹೇಳುವ ದೈವ. ‘ಭೂತ’ ಅಥವಾ ‘ದೈವ’ ಎಂದೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ವಿವರಿಸಿ. ಘಟ್ಟದ ಮೇಲಿನವರು ‘ಭೂತ ಹಿಡಿದಿದೆ’ ಎನ್ನುವ ಭೂತ ಬೇರೆ. ಅಲ್ಲಿ ‘ಈವಿಲ್ ಸ್ಪಿರಿಟ್’ ನಡೆದೀತು.