ದೊಡ್ಡ ಗಿಟಾರ್, ಸಣ್ಣ ಕೈ

ಪ್ರಶ್ನೆ: ನನ್ನ ಎತ್ತರ ಐದಡಿ, ವಯಸ್ಸು 42. ಮಗನ ಡ್ರೆಡ್‌ನಾಟ್ (ದೊಡ್ಡ ಬಾಡಿಯ) ಗಿಟಾರಿನಲ್ಲಿ ಕಲಿಯುತ್ತಿದ್ದೇನೆ. ಅರ್ಧ ಗಂಟೆ ನುಡಿಸಿದರೆ ಬಲಭುಜ ಸೆಳೆಯುತ್ತದೆ. ಎಫ್ ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಒತ್ತುವ ಸ್ವರಗುಚ್ಛ) ಅಂತೂ ಒತ್ತಲಿಕ್ಕೇ ಆಗುವುದಿಲ್ಲ. ಅಂಗಡಿಯವರು ‘ತ್ರೀ ಫೋರ್ತ್ ತಗೊಳ್ಳಿ’ ಎನ್ನುತ್ತಾರೆ. ತಗೊಳ್ಳಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ತ್ರೀ ಫೋರ್ತ್ ಮುಖ್ಯವಾಗಿ ಮಕ್ಕಳ ಅಳತೆ. ಆ ಅಳತೆಯ ಯಮಾಹಾ ಜೆಆರ್1ರಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ವರೆಗಿನ (ಬಾಡಿಯ ಮೇಲೆ ತಂತಿ ಕೂರುವ ಪಟ್ಟಿ) ತಂತಿಯ ಉದ್ದ 540 ಮಿ.ಮೀ. ಮಾತ್ರ. ಮಂದ್ರದ ದಪ್ಪ ತಂತಿ ಸಡಿಲವಾಗಿ, ಜೋರಾಗಿ ಮೀಟಿದರೆ ಶ್ರುತಿ ಅಲುಗುತ್ತದೆ.

ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ ಅಲ್ಲ. ಭುಜ ಸೆಳೆಯುವುದು ಬಾಡಿಯಿಂದ. ಅಗಲಕ್ಕಿಂತ ದಪ್ಪದ್ದೇ ಕಾಟ ಹೆಚ್ಚು. ಮಾರ್ಟಿನ್ ಡ್ರೆಡ್‌ನಾಟ್ ಸುಮಾರು 15⅝ ಇಂಚು ಅಗಲ, ದಪ್ಪ ಐದಿಂಚಿಗೆ ತುಸು ಕಮ್ಮಿ. ಅದೇ ಕಂಪನಿಯ 000 ಎಂಬ ಮಾದರಿ ಹದಿನೈದು ಇಂಚು ಅಗಲವಿದ್ದರೂ ದಪ್ಪ ನಾಲ್ಕಿಂಚು ಚಿಲ್ಲರೆ, ನಡುವೂ ಸಣ್ಣ. ತೊಡೆಯ ಮೇಲೆ ಕೆಳಗೆ ಕೂರುತ್ತದೆ, ತೋಳು ಇಳಿಯುತ್ತದೆ. 00 ಇನ್ನೂ ಚಿಕ್ಕದು, 0 ಅದಕ್ಕಿಂತಲೂ. ಸೊನ್ನೆ ಹೆಚ್ಚಿದಷ್ಟೂ ಗಿಟಾರ್ ದೊಡ್ಡದು ಎಂಬುದು ನೆನಪಿರಲಿ; ಅಂಗಡಿಯಲ್ಲೇ ಇದನ್ನು ತಿರುವುಮುರುವು ಹೇಳುವವರಿದ್ದಾರೆ. ಕಡಿಮೆ ಬೆಲೆಯಲ್ಲಿ ಯಮಾಹಾ ಎಫ್ಎಸ್800 ನೋಡಿ: ತಂತಿಯ ಉದ್ದ 634 ಮಿ.ಮೀ., ದೊಡ್ಡಣ್ಣ ಎಫ್‌ಜಿ800ರದ್ದು 650.

ಆದರೆ ಎಫ್ ಕಾರ್ಡ್ ಇದರಿಂದಲೇ ಬಂದುಬಿಡುತ್ತದೆ ಎಂದುಕೊಳ್ಳಬೇಡಿ. ಆ ಎರಡು ಯಮಾಹಾಗಳ ನಡುವೆ ಮೊದಲ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮನೆಯ ಅಗಲದ ವ್ಯತ್ಯಾಸ ಒಂದು ಮಿ.ಮೀ. ಕೂಡ ಇಲ್ಲ. ಅದೇ ತಂತಿ, ಅದೇ ಶ್ರುತಿಯಲ್ಲಿ ಬಿಗಿ ಶೇ. 5ರಷ್ಟು ಇಳಿದೀತು, ಅಷ್ಟೆ. ಎಫ್ ಕಾಡಿದರೆ ಮೊದಲು ನಟ್ ನೋಡಬೇಕು. ಒಂದು ತಂತಿಯನ್ನು ಎರಡು-ಮೂರನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಬೆರಳಿನಿಂದ ತಟ್ಟಿ. ಕೂದಲೆಳೆಯಷ್ಟು ಸಂದು ಸಾಕು. ‘ಟಿಕ್’ ಎಂದು ಗಟ್ಟಿಯಾಗಿ ಕೆಳಗಿಳಿದರೆ ನಟ್‌ನಲ್ಲಿ ತಂತಿ ಕೂರುವ ತೋಡು ಎತ್ತರ. ರಿಪೇರಿಯವರು ಅರದಲ್ಲಿ ಇಳಿಸಿಕೊಡುತ್ತಾರೆ. ಅತಿಯಾಗಿ ಉಜ್ಜಿದರೆ ಬಿಟ್ಟ ತಂತಿ ಗಿಜಿಗುಡುತ್ತದೆ, ಹಾಗಾಗಿ ಮನೆಯಲ್ಲಿ ಕೈ ಹಾಕಬೇಡಿ.

ಆಮೇಲೆ 12ನೇ ಫ್ರೆಟ್. ಅಲ್ಲಿ ಫ್ರೆಟ್ ತಲೆಯಿಂದ ದಪ್ಪ ತಂತಿಯ ತಳಕ್ಕೆ 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಆಸುಪಾಸು ಇರಲಿ. ಅರ್ಧ ಮಿ.ಮೀ. ಇಳಿಸಬೇಕೆಂದರೆ ಸ್ಯಾಡಲ್ ತಳದಿಂದ ಒಂದು ಮಿ.ಮೀ. ಉಜ್ಜಬೇಕು. ಈ ಎರಡನ್ನೂ ಮಗನ ಗಿಟಾರಿನಲ್ಲೇ ಮಾಡಿಸಿ, 11ರ ತಂತಿ (ಅತಿ ಸಣ್ಣ ತಂತಿ 0.011 ಇಂಚು ದಪ್ಪವಿರುವ ಸೆಟ್) ಹಾಕಿಸಿ ನೋಡಿ. ಭುಜ ಇನ್ನೂ ನೋಯುತ್ತಿದ್ದರೆ ಮಾತ್ರ ಹೊಸದು.

ಕೊಳ್ಳುವಾಗ ಬ್ರಿಡ್ಜ್ (ಬಾಡಿಗೆ ಅಂಟಿಸಿದ, ಸ್ಯಾಡಲ್ ಕೂರುವ ಮರದ ತುಂಡು) ಹಿಂದಿನ ಅಂಚಿಗೆ ಕಾಗದದ ಚೂರು ತೂರಿಸಿ. ಒಳಗೆ ಹೋದರೆ ಅಂಟು ಬಿಟ್ಟಿದೆ, ಬೇಡ. ನಿಮ್ಮೂರಿನ ಮಳೆಗಾಲದಲ್ಲಿ ಮರ ತೇವ ಹೀರಿ ಮೇಲ್ಪದರ ಉಬ್ಬಿ ತಂತಿ ಏರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಮುಚ್ಚಿಡಿ.

ಪ್ರಶ್ನೆ: ಪಾರ್ಲರ್ (ಚಿಕ್ಕ ಬಾಡಿಯ) ಗಿಟಾರಿನಲ್ಲಿ ಹಾಡಿಗೆ ಸ್ಟ್ರಮ್ ಮಾಡಿದರೆ (ತಂತಿಗಳನ್ನು ಒಟ್ಟಿಗೆ ಬಾರಿಸಿದರೆ) ಸದ್ದು ಸಾಲುವುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕೋಣೆಯಲ್ಲಿ ಸಾಲುತ್ತದೆ. ಜೋರಾಗಿ ಬಾರಿಸಿದರೆ ಸದ್ದು ಏರುವ ಬದಲು ಒತ್ತಿಕೊಂಡಂತಾಗುತ್ತದೆ, ಮಂದ್ರ ಕಡಿಮೆ. ಬೆರಳಿನಲ್ಲಿ ಮೀಟುವವರಿಗೆ, ಒಬ್ಬರೇ ಹಾಡಿಕೊಳ್ಳುವವರಿಗೆ ಹೇಳಿಮಾಡಿಸಿದ್ದು. ಕತ್ತು 12ನೇ ಫ್ರೆಟ್ ಬಳಿಯೇ ಬಾಡಿಗೆ ಸೇರಿದ್ದರೆ ಕಾಪೋ (ಕತ್ತಿನ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಮೇಲಕ್ಕೆ ಹಾಕಿ ನುಡಿಸುವಾಗ ಜಾಗ ಬೇಗ ಮುಗಿಯುತ್ತದೆ, ಅದನ್ನು ಅಂಗಡಿಯಲ್ಲೇ ಪರೀಕ್ಷಿಸಿ.